22 ವಾರ ಬಸುರಿ, ದವಡೆ ಹಲ್ಲು ನೋವು, ಇಬ್ಬರು ಡಾಕ್ಟರೂ ಕೈ ಹಾಕುತ್ತಿಲ್ಲ

ನಿದ್ದೆಗೆಟ್ಟವಳು · ರಾತ್ರಿ 2:40

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಬಸಿರು, ಈಗ 22 ವಾರ. ಬಲಗಡೆ ಕೆಳಗಿನ ದವಡೆ ಹಲ್ಲು ಒಂಬತ್ತು ದಿನದಿಂದ ನೋಯುತ್ತಿದೆ. ಹಗಲು ಹೇಗೋ ತಡೆದುಕೊಳ್ಳುತ್ತೇನೆ. ರಾತ್ರಿ ತಲೆ ದಿಂಬಿಗಿಟ್ಟ ಕೂಡಲೇ ಡವಡವ ಶುರು. ಎದ್ದು ಕೂತರೆ ಸ್ವಲ್ಪ ಕಮ್ಮಿ. ಹಾಗಾಗಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವುದು ಕಲಿತಿದ್ದೇನೆ, ಬಂದಷ್ಟು.

ಹಲ್ಲಿನ ಡಾಕ್ಟರ್ ಹತ್ತಿರ ಹೋದೆ. ಮೊದಲು ಬಾಯಿ ನೋಡಿದರು, ಆಮೇಲೆ ಹೊಟ್ಟೆ ನೋಡಿದರು. "ಎಕ್ಸ್‌ರೇ ಇಲ್ಲದೆ ಏನೂ ಹೇಳಕ್ಕಾಗಲ್ಲ, ಎಕ್ಸ್‌ರೇ ತೆಗೆಯೋ ಹಾಗಿಲ್ಲ, ನಿಮ್ಮ ಹೆರಿಗೆ ಡಾಕ್ಟರ್ ಹತ್ರ ಚೀಟಿ ತನ್ನಿ" ಅಂದರು. ಹೆರಿಗೆ ಡಾಕ್ಟರ್ ಚೀಟಿ ಬರೆಯಲಿಲ್ಲ. "ಹಲ್ಲು ತಾನೇ? ಡೆಲಿವರಿ ಆದ್ಮೇಲೆ ನೋಡ್ಕೊಳ್ಳಿ" ಅಂದರು. ಡೆಲಿವರಿಗೆ ಇನ್ನೂ 18 ವಾರ ಇದೆ.

ಬಸುರಿಯರು ಹಲ್ಲಿಗೆ ಇಂಜೆಕ್ಷನ್ ಹಾಕಿಸಿಕೊಂಡು ಏನಾದರೂ ಮಾಡಿಸಿಕೊಂಡಿದ್ದೀರಾ? ಮಗುವಿಗೆ ಏನೂ ಆಗಲಿಲ್ಲವಾ? ದಯವಿಟ್ಟು ಮಾಡಿಸಿಕೊಂಡವರೇ ಹೇಳಿ.

ಎರಡರಮ್ಮ

ನಾನು ಎರಡನೇ ಬಸಿರಲ್ಲಿ 19ನೇ ವಾರಕ್ಕೆ ರೂಟ್ ಕೆನಾಲ್ (ಹಲ್ಲಿನ ಒಳಗಿನ ನರ ತೆಗೆದು ಬೇರು ತುಂಬುವುದು) ಮಾಡಿಸಿಕೊಂಡೆ. ಮಗನಿಗೆ ಈಗ ಆರು ವರ್ಷ. ಈಗಷ್ಟೇ ಸೋಫಾ ಮೇಲಿಂದ ಹಾರಿದ. ಅವನಿಗೆ ಏನೂ ಆಗಿಲ್ಲ, ಸೋಫಾಗೆ ಆಗಿದೆ.

ಹಳೇಬೇರು

ತಾಯೀ, ನನ್ನ ಮಾತು ಕೇಳು. ನನಗೆ ಮೂರು ಮಕ್ಕಳು, ಮೂರು ಹಲ್ಲು ಹೋಗಿವೆ. ಮಗುವಿಗೊಂದು ಹಲ್ಲು ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ. ಹೊಟ್ಟೆಯಲ್ಲಿರುವ ಕೂಸು ಸುಣ್ಣ ಎಳೆದುಕೊಳ್ಳುತ್ತದೆ, ಹಲ್ಲು ಸೊರಗುತ್ತದೆ. ಇದಕ್ಕೆ ಇಂಜೆಕ್ಷನ್ ಗಿಂಜೆಕ್ಷನ್ ಹಾಕಿಸಿಕೊಂಡು ಕೂಸಿಗೆ ತೊಂದರೆ ಮಾಡಿಕೊಳ್ಳಬೇಡ. ಲವಂಗದ ಎಣ್ಣೆ ಹತ್ತಿಯಲ್ಲಿ ಅದ್ದಿ ಇಟ್ಟುಕೋ. ಹೆರಿಗೆ ಆದಮೇಲೆ ಕೀಳಿಸಿದರಾಯಿತು.

ಹಲ್ಲುಕುರ್ಚಿ

ನಾನು ಹಲ್ಲಿನ ಡಾಕ್ಟರ್, 14 ವರ್ಷದಿಂದ ಇದೇ ಕೆಲಸ. ಬಾಯಿ ನೋಡದೆ ಇಲ್ಲಿಂದ ಇದೇ ರೋಗ ಅಂತ ಹೇಳಲಾರೆ. ಆದರೆ ಮಲಗಿದರೆ ಜಾಸ್ತಿ, ಕೂತರೆ ಕಮ್ಮಿ, ತಾನಾಗೇ ಡವಡವ: ಇದು ಹಲ್ಲಿನ ಒಳಗಿನ ನರ ಉರಿದುಕೊಂಡಾಗ ಬರುವ ನೋವಿನ ರೀತಿ. ಮಲಗಿದಾಗ ತಲೆ ಕಡೆಗೆ ರಕ್ತದ ಒತ್ತಡ ಏರುತ್ತದೆ. ಹಲ್ಲಿನ ಒಳಗೆ ಊದಿಕೊಳ್ಳಲು ಜಾಗ ಇಲ್ಲ, ಸುತ್ತ ಗಟ್ಟಿ ಗೋಡೆ. ಅದಕ್ಕೇ ಆ ಹಿಂಸೆ. ಬಿಸಿ ತಾಕಿದರೆ ನೋವು ಏರಿ, ತಣ್ಣೀರು ಬಾಯಲ್ಲಿಟ್ಟರೆ ಇಳಿಯುತ್ತದಾ? ಹಾಗಿದ್ದರೆ ಇದು 18 ವಾರ ಕಾಯುವ ಹಲ್ಲಲ್ಲ.

ಇನ್ನು ನಿಮ್ಮನ್ನು ಚೆಂಡಿನ ಹಾಗೆ ಆ ಕಡೆ ಈ ಕಡೆ ಎಸೆದಿದ್ದಾರಲ್ಲ, ಅದು ನನಗೆ ಹೊಸದಲ್ಲ. ನಾಚಿಕೆಯಿಂದಲೇ ಹೇಳುತ್ತೇನೆ, ಮೊದಲ ಎರಡು ಮೂರು ವರ್ಷ ನಾನೂ ಇದನ್ನೇ ಮಾಡಿದ್ದೇನೆ. ಬಸುರಿ ಬಾಗಿಲಲ್ಲಿ ಕಂಡರೆ ಕೈ ತಣ್ಣಗಾಗುತ್ತಿತ್ತು. ನಾಳೆ ಮಗುವಿಗೆ ಏನಾದರೂ ಆದರೆ, ಹಲ್ಲಿಗೆ ಸಂಬಂಧವೇ ಇಲ್ಲದಿದ್ದರೂ, ನನ್ನ ಕುರ್ಚಿಯೇ ನೆನಪಾಗುತ್ತದೆ ಅನ್ನುವ ಭಯ. ಚೀಟಿ ಕೇಳುವುದು ಎಷ್ಟೋ ಸಲ ಔಷಧದ ವಿಷಯಕ್ಕಲ್ಲ, ಈ ಭಯಕ್ಕೆ.

ಅಮೆರಿಕದ ಹೆರಿಗೆ ತಜ್ಞರ ಕಾಲೇಜು 2013ರಲ್ಲೇ ಸ್ಪಷ್ಟವಾಗಿ ಹೇಳಿದೆ: ತುರ್ತಾಗಿ ಬೇಕಾದ ಹಲ್ಲು ಕೀಳುವುದು, ರೂಟ್ ಕೆನಾಲ್, ಫಿಲ್ಲಿಂಗ್ ಇವನ್ನು ಬಸಿರಿನ ಯಾವ ಹಂತದಲ್ಲಾದರೂ ಮಾಡಬಹುದು. ಮುಂದೂಡಿದರೆ ತೊಂದರೆ ದೊಡ್ಡದಾಗುತ್ತದೆ.

ಹಳೇಬೇರು ಅಮ್ಮಾ, ಸುಣ್ಣದ ವಿಷಯಕ್ಕೆ ಆಮೇಲೆ ಬರುತ್ತೇನೆ. ಜಗಳ ಬೇಡ.

ಹಳೇಬೇರು

ನಾನೆಲ್ಲಿ ಜಗಳ ಆಡಿದೆ?

ಸುಮ್ನೆಬಂದೆ

ಶುರುವಾಯಿತು 😄

ಮೊದಲ್ನೇದು

ಅಕ್ಕಾ, ನಾನೂ ಮೊದಲ ಸಲ, 9 ವಾರ. ನಿಮ್ಮ ಪೋಸ್ಟ್ ಓದಿ ಹೆದರಿಕೆ ಆಯಿತು. ನನಗೆ ನೋವಿಲ್ಲ. ಆದರೆ ದಿನಕ್ಕೆ ನಾಲ್ಕೈದು ಸಲ ವಾಂತಿ. ಪ್ರತಿ ಸಲ ಹೋಗಿ ಚೆನ್ನಾಗಿ ಬ್ರಶ್ ಮಾಡಿಬಿಡುತ್ತೇನೆ, ಬಾಯಿ ಶುದ್ಧ ಇರಲಿ ಅಂತ. ಈಗ ಮುಂದಿನ ಹಲ್ಲಿನ ಒಳಬದಿ ನಾಲಿಗೆಗೆ ಒರಟು ಒರಟು ಅನ್ನಿಸುತ್ತಿದೆ. ಇದು ಏನು?

ಹಲ್ಲುಕುರ್ಚಿ

ಮೊದಲ್ನೇದು, ಇವತ್ತಿನಿಂದಲೇ ಅದನ್ನು ನಿಲ್ಲಿಸಿ. ವಾಂತಿಯ ಜೊತೆ ಹೊಟ್ಟೆಯ ಆಸಿಡ್ ಬಾಯಿಗೆ ಬರುತ್ತದೆ. ಆಸಿಡ್ ಅಳೆಯುವ ಪಿಎಚ್ ಲೆಕ್ಕ ಇದೆಯಲ್ಲ, ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರ ಕರಗಲು ಶುರುವಾಗುತ್ತದೆ. ಹೊಟ್ಟೆಯ ಆಸಿಡ್ ಅದಕ್ಕಿಂತ ತುಂಬಾ ಕೆಳಗೆ. ಅಂದರೆ ವಾಂತಿಯಾದ ಕೂಡಲೇ ಹಲ್ಲಿನ ಮೇಲ್ಮೈ ಮೆತ್ತಗಾಗಿರುತ್ತದೆ. ಅದೇ ಹೊತ್ತಿಗೆ ನೀವು ಬ್ರಶ್ ಹಿಡಿದು ಉಜ್ಜುತ್ತೀರಿ. ಮೆತ್ತಗಾದ ಪದರ ಕೆರೆದು ಹೋಗುತ್ತದೆ.

ವಾಂತಿಯಾದ ಮೇಲೆ ಒಂದು ಲೋಟ ನೀರಿಗೆ ಒಂದು ಚಿಕ್ಕ ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ ಉಗಿಯಿರಿ. ನುಂಗಬೇಡಿ. ಸೋಡಾ ಕೈಗೆ ಸಿಗದಿದ್ದರೆ ಬರೀ ನೀರು. ಬ್ರಶ್ ಮಾಡುವುದು ಒಂದು ಗಂಟೆ ಬಿಟ್ಟು.

ಮೊದಲ್ನೇದು

ಅಯ್ಯೋ. ಮೂರು ವಾರದಿಂದ ಹಾಗೇ ಉಜ್ಜುತ್ತಿದ್ದೇನೆ.

ಎರಡರಮ್ಮ

ಬ್ರಶ್ ಬಾಯಿಗಿಟ್ಟರೇ ವಾಂತಿ ಬರುವವರಿಗೆ ಒಂದು ಉಪಾಯ. ಚಿಕ್ಕ ಮಕ್ಕಳ ಬ್ರಶ್ ತಗೊಳ್ಳಿ, ತಲೆ ಪುಟ್ಟದಾಗಿರುತ್ತದೆ, ಗಂಟಲಿಗೆ ತಾಕುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ಬೇಡ, ಹೊಟ್ಟೆ ತಣ್ಣಗಿರುವ ಹೊತ್ತು ನೋಡಿಕೊಂಡು ಮಾಡಿ. ನನಗೆ ಮಧ್ಯಾಹ್ನ ಮೂರು ಗಂಟೆಯೇ ಬೆಳಗಿನ ಬ್ರಶ್ ಆಗಿತ್ತು.

ಒಬ್ಬಗಂಡ

ನನ್ನ ಹೆಂಡತಿಗೆ ಪುದೀನ ವಾಸನೆಯ ಪೇಸ್ಟ್ ಕಂಡರೆ ಆಗುತ್ತಿರಲಿಲ್ಲ. ಅವಳಿಗಷ್ಟೇ ಅಲ್ಲ, ನಾನು ಅದರಲ್ಲಿ ಬ್ರಶ್ ಮಾಡಿ ಹತ್ತಿರ ಹೋದರೂ ಓಡಿ ಹೋಗುತ್ತಿದ್ದಳು. ನಾಲ್ಕು ತಿಂಗಳು ನಾನೂ ಮಕ್ಕಳ ಪೇಸ್ಟ್ ಬಳಸಿದೆ. ಸಿಹಿ ಸಿಹಿ. ಆಫೀಸಿಗೆ ಹೋದರೂ ಬಾಯಲ್ಲಿ ಚಾಕೊಲೇಟ್ ತಿಂದ ಹಾಗೆ.

ಸುಮ್ನೆಬಂದೆ

ಹಲ್ಲು ಹೇಗಿವೆ ಸರ್ ಈಗ?

ಒಬ್ಬಗಂಡ

ಎಲ್ಲ 31ರೂ ಚೆನ್ನಾಗಿವೆ.

ಹಲ್ಲುಕುರ್ಚಿ

ಪೇಸ್ಟ್ ಬದಲಿಸಿ, ಪರವಾಗಿಲ್ಲ. ಆದರೆ ಫ್ಲೋರೈಡ್ ಇರುವುದನ್ನೇ ತಗೊಳ್ಳಿ. ಕೆಲವು ಮಕ್ಕಳ ಪೇಸ್ಟಿನಲ್ಲಿ ಫ್ಲೋರೈಡ್ ತುಂಬಾ ಕಮ್ಮಿ, ಕೆಲವದರಲ್ಲಿ ಇರುವುದೇ ಇಲ್ಲ. ಟ್ಯೂಬಿನ ಹಿಂದೆ 1000 ಪಿಪಿಎಂ ಅಥವಾ ಅದಕ್ಕಿಂತ ಜಾಸ್ತಿ ಅಂತ ಇದೆಯಾ ನೋಡಿ.

ಲೆಕ್ಕದವನು

ನಾನು ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುವವನು. "ಎಕ್ಸ್‌ರೇ ತೆಗೆಯೋ ಹಾಗಿಲ್ಲ" ಅನ್ನುವುದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ಒಂದು ಹಲ್ಲಿನ ಚಿಕ್ಕ ಎಕ್ಸ್‌ರೇ ಅಂದರೆ ಸುಮಾರು 5 ಮೈಕ್ರೋಸೀವರ್ಟ್ (ಮೈಗೆ ತಗುಲುವ ವಿಕಿರಣದ ಅಳತೆ). ನಾವೆಲ್ಲ ನೆಲ, ಗಾಳಿ, ಆಕಾಶದಿಂದ ಸುಮ್ಮನೆ ಕೂತಲ್ಲೇ ಪಡೆಯುವ ವಿಕಿರಣ ಪ್ರಪಂಚದ ಸರಾಸರಿಯಲ್ಲಿ ವರ್ಷಕ್ಕೆ 2400 ಮೈಕ್ರೋಸೀವರ್ಟ್. ದಿನಕ್ಕೆ ಭಾಗಿಸಿ: ಆರೂವರೆ. ಅಂದರೆ ಹಲ್ಲಿನ ಒಂದು ಎಕ್ಸ್‌ರೇಗೆ ಒಂದು ದಿನ ಬದುಕಿದಷ್ಟೂ ಇಲ್ಲ. ಅದೂ ಕಿರಣ ಬೀಳುವುದು ದವಡೆಗೆ, ಹೊಟ್ಟೆಗಲ್ಲ. ಗರ್ಭಕ್ಕೆ ತಲುಪುವುದು ಇದರ ತೀರಾ ಸಣ್ಣ ಚೂರು. ಮಗುವಿಗೆ ಹಾನಿ ಆಗಬಹುದು ಅನ್ನುವ ಮಾತು ಬರುವುದೇ 50 ಮಿಲಿಗ್ರೇ (ಎಕ್ಸ್‌ರೇ ಲೆಕ್ಕದಲ್ಲಿ 50,000 ಮೈಕ್ರೋಸೀವರ್ಟ್) ದಾಟಿದ ಮೇಲೆ. ಅದರ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ.

ಮಳೆಹನಿ

ಕಿರಣ ತಡೆಯುವ ಸೀಸದ ಏಪ್ರನ್ ಹಾಕಿಕೊಳ್ಳಲೇಬೇಕು ಅಲ್ವಾ ಆದರೂ?

ಲೆಕ್ಕದವನು

ಹೆರಿಗೆ ತಜ್ಞರ ಆ 2013ರ ಸಲಹೆಯಲ್ಲಿ ಹೊಟ್ಟೆಗೂ ಕುತ್ತಿಗೆಗೂ ಏಪ್ರನ್ ಹಾಕಿ ಅಂತಿತ್ತು. 2024ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಅದೂ ಬೇಡ ಅಂದಿತು, ಬಸುರಿಯರಿಗೂ ಸೇರಿಸಿ. ಈಗಿನ ಯಂತ್ರಗಳಲ್ಲಿ ಕಿರಣ ಹಲ್ಲಿನ ಜಾಗಕ್ಕಷ್ಟೇ ಬೀಳುತ್ತದೆ. ಏಪ್ರನ್ ಕೆಲವು ಸಲ ಚಿತ್ರಕ್ಕೆ ಅಡ್ಡ ಬಂದು ಮತ್ತೊಮ್ಮೆ ತೆಗೆಯಬೇಕಾಗುತ್ತದೆ.

ಮಳೆಹನಿ

ಹಾಕಿಕೊಂಡರೆ ನಷ್ಟ ಏನು ಹೇಳಿ. ಮನಸ್ಸಿಗೆ ಸಮಾಧಾನ. ಅದೂ ಒಂದು ಔಷಧವೇ.

ಲೆಕ್ಕದವನು

ಕೊಟ್ಟರೆ ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ. "ಏಪ್ರನ್ ಇಲ್ಲ, ಅದಕ್ಕೆ ಎಕ್ಸ್‌ರೇ ಬೇಡ" ಅಂತ ಎದ್ದು ಬರಬಾರದು ಅಷ್ಟೇ.

ಮಳೆಹನಿ

ಅದು ಸರಿ. ನನ್ನ ಕಥೆಯನ್ನೂ ಹೇಳುತ್ತೇನೆ, ಹಲ್ಲು ನೋವಲ್ಲ, ವಸಡು. ಐದನೇ ತಿಂಗಳಲ್ಲಿ ಮೇಲಿನ ಮುಂದಿನ ಎರಡು ಹಲ್ಲಿನ ನಡುವೆ ಕೆಂಪಗೆ ಒಂದು ಗುಳ್ಳೆ ಎದ್ದಿತು. ನಾಲ್ಕೇ ವಾರದಲ್ಲಿ ಬಟಾಣಿಯಷ್ಟು. ನೋವಿಲ್ಲ. ಆದರೆ ನಾಲಿಗೆ ತಾಕಿದರೂ ರಕ್ತ. ಒಂದು ಬೆಳಗ್ಗೆ ದಿಂಬಿನ ಮೇಲೆ ರಕ್ತದ ಕಲೆ ನೋಡಿ ಕ್ಯಾನ್ಸರ್ ಅಂತಲೇ ತೀರ್ಮಾನ ಮಾಡಿ ಅತ್ತುಬಿಟ್ಟೆ. ಎರಡು ದಿನ ಯಾರಿಗೂ ಹೇಳಲಿಲ್ಲ. ಹಲ್ಲಿನ ಡಾಕ್ಟರ್ ನೋಡಿ "ಇದು ಬಸಿರಿನ ಗಡ್ಡೆ, ಕ್ಯಾನ್ಸರ್ ಅಲ್ಲವೇ ಅಲ್ಲ" ಅಂದರು. ಕ್ಲೀನಿಂಗ್ ಮಾಡಿ ಕಳಿಸಿದರು. ಹೆರಿಗೆಯಾಗಿ ಎರಡು ತಿಂಗಳಿಗೆ ತಾನೇ ಕುಗ್ಗಿ ಹೋಯಿತು.

ಹಲ್ಲುಕುರ್ಚಿ

ಹೌದು, ನೂರರಲ್ಲಿ ಐದು ಜನ ಬಸುರಿಯರವರೆಗೂ ಇದು ಕಾಣಿಸಿಕೊಳ್ಳಬಹುದು. ಹೆಸರಲ್ಲಿ ಗಡ್ಡೆ ಅಂತ ಇದ್ದದ್ದಕ್ಕೇ ಜನ ಹೆದರುತ್ತಾರೆ. ಅಗಿಯಲು ಅಡ್ಡಿಯಾದರೆ ಅಥವಾ ರಕ್ತ ನಿಲ್ಲದಿದ್ದರೆ ಮಾತ್ರ ಬಸಿರಲ್ಲೇ ತೆಗೆಯುತ್ತೇವೆ. ಇಲ್ಲದಿದ್ದರೆ ಕಾಯುತ್ತೇವೆ. ನೋಡಿ, ಕಾಯಬಹುದಾದದ್ದು ಇದು. ನಿದ್ದೆಗೆಟ್ಟವರ ಹಲ್ಲಲ್ಲ.

ಬರೀ ವಸಡು ಕೆಂಪಗಾಗಿ ಊದಿ ರಕ್ತ ಬರುವುದು ಇನ್ನೂ ಮಾಮೂಲು. ನೂರರಲ್ಲಿ 60ರಿಂದ 75 ಬಸುರಿಯರಿಗೆ ಬರುತ್ತದೆ. ಹಾರ್ಮೋನ್ ಏರಿದಾಗ ವಸಡು ಸ್ವಲ್ಪ ಕೊಳೆಗೂ ಜಾಸ್ತಿ ಸಿಟ್ಟಾಗುತ್ತದೆ. ಸಾಮಾನ್ಯವಾಗಿ ಎರಡನೇ ತಿಂಗಳಿಂದ ಶುರು, ಎಂಟರ ಹೊತ್ತಿಗೆ ಜೋರು. ರಕ್ತ ಬಂತು ಅಂತ ಆ ಜಾಗ ಬಿಟ್ಟು ಬ್ರಶ್ ಮಾಡುವವರೇ ಹೆಚ್ಚು. ಕೊಳೆ ಅಲ್ಲೇ ಉಳಿಯುತ್ತದೆ, ರಕ್ತ ಇನ್ನೂ ಜಾಸ್ತಿ. ಮೆತ್ತಗಿನ ಬ್ರಶ್ಶಲ್ಲಿ ಅಲ್ಲೇ ಮೆಲ್ಲಗೆ ಉಜ್ಜಬೇಕು.

ಹುಲ್ಲುಗರಿ

ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ವಸಡಿನ ರೋಗ ಇದ್ದರೆ ದಿನ ತುಂಬುವ ಮೊದಲೇ ಹೆರಿಗೆ ಆಗುವ ಸಾಧ್ಯತೆ ಏಳು ಪಟ್ಟು. ಇದು ಸಂಶೋಧನೆ. ಎಲ್ಲರೂ ಇವತ್ತೇ ಹೋಗಿ ಕ್ಲೀನಿಂಗ್ ಮಾಡಿಸಿ, ಇಲ್ಲದಿದ್ದರೆ ಮಗುವಿಗೆ ಅಪಾಯ.

ವಾರ್ಡ್‌ಅಕ್ಕ

ನಾನು ಹೆರಿಗೆ ವಾರ್ಡಿನ ನರ್ಸ್. ಹುಲ್ಲುಗರಿ ಅವರೇ, ಅರ್ಧ ಕಥೆ ಹೇಳಿ ಬಸುರಿಯರನ್ನು ಹೆದರಿಸಬೇಡಿ. ಆ ಏಳು ಪಟ್ಟು 1996ರ ಒಂದು ಅಧ್ಯಯನದ್ದು. ಅದು ಎರಡೂ ಒಟ್ಟಿಗೆ ಕಾಣಿಸುತ್ತವೆ ಅಂತ ಹೇಳಿತು, ಒಂದರಿಂದ ಇನ್ನೊಂದು ಆಗುತ್ತದೆ ಅಂತಲ್ಲ. ಆಮೇಲೆ 2006ರಲ್ಲಿ 823 ಬಸುರಿಯರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಬಸಿರಲ್ಲೇ ವಸಡಿನ ಚಿಕಿತ್ಸೆ, ಇನ್ನೊಂದಕ್ಕೆ ಹೆರಿಗೆ ಆದಮೇಲೆ. ದಿನಕ್ಕೆ ಮುಂಚೆ ಹೆತ್ತವರು ಮೊದಲ ಗುಂಪಿನಲ್ಲಿ ನೂರಕ್ಕೆ 12, ಎರಡನೇದರಲ್ಲಿ 12.8. ವ್ಯತ್ಯಾಸವೇ ಇಲ್ಲ ಅನ್ನಿ.

ಹುಲ್ಲುಗರಿ

ಹಾಗಾದರೆ ಮಾಡಿಸಿ ಏನು ಪ್ರಯೋಜನ? ನೀವೇ ಹೇಳಿದಿರಿ ವ್ಯತ್ಯಾಸ ಇಲ್ಲ ಅಂತ.

ವಾರ್ಡ್‌ಅಕ್ಕ

ಪ್ರಯೋಜನ ಅಮ್ಮನ ಬಾಯಿಗೆ! ವಸಡು ಸುಧಾರಿಸಿತು. ಮತ್ತೆ ಅದೇ ಅಧ್ಯಯನದಿಂದ ಇನ್ನೊಂದು ಗೊತ್ತಾಯಿತು, ಚಿಕಿತ್ಸೆಯಿಂದ ಬಸಿರಿಗೆ ಯಾವ ತೊಂದರೆಯೂ ಆಗಲಿಲ್ಲ. ಅಮ್ಮನ ಬಾಯಿ ಚೆನ್ನಾಗಿರುವುದಕ್ಕೆ ಮಗುವಿನ ಕಾರಣ ಬೇಕೇ ಬೇಕಾ? ಅವಳು ನೋವಿಲ್ಲದೆ ಅಗಿಯುವುದು ಸಾಲದಾ?

ಎರಡರಮ್ಮ

ಈ ಕೊನೆಯ ಸಾಲಿಗೆ ಹತ್ತು ಲೈಕ್ ಕೊಡಲು ಆಗಲ್ಲ, ಒಂದೇ ಕೊಡುತ್ತಿದ್ದೇನೆ.

ನಿದ್ದೆಗೆಟ್ಟವಳು

ಎಲ್ಲರಿಗೂ ಥ್ಯಾಂಕ್ಸ್. ಹಲ್ಲುಕುರ್ಚಿ ಮೇಡಂ (ಮೇಡಂ ಅಥವಾ ಸರ್, ಗೊತ್ತಿಲ್ಲ), ತಣ್ಣೀರು ಬಾಯಲ್ಲಿಟ್ಟರೆ ಕಮ್ಮಿ ಆಗುತ್ತದೆ. ರಾತ್ರಿ ಪಕ್ಕದಲ್ಲಿ ಬಾಟಲಿ ಇಟ್ಟುಕೊಂಡೇ ಕೂರುತ್ತೇನೆ. ಒಂದು ಗುಟುಕು ಬಾಯಲ್ಲಿ ಹಿಡಿದರೆ ಒಂದೆರಡು ನಿಮಿಷ ಸ್ವರ್ಗ. ನೀರು ಬೆಚ್ಚಗಾದ ಕೂಡಲೇ ಮತ್ತೆ ಶುರು.

ಇನ್ನೊಂದು ಒಪ್ಪಿಕೊಳ್ಳಬೇಕು. ಮೊನ್ನೆ ತಡೆಯಲಾಗದೆ ನಮ್ಮ ಯಜಮಾನರಿಗೆ ಬೆನ್ನು ನೋವಿಗೆ ಬರೆದಿದ್ದ ಮಾತ್ರೆಯಲ್ಲಿ ಅರ್ಧ ನುಂಗಿದೆ. ಕವರ್ ಮೇಲೆ ಐಬುಪ್ರೊಫೆನ್ ಅಂತಿದೆ. ಈಗ ಭಯ ಆಗುತ್ತಿದೆ.

ಮಾತ್ರೆಅಂಗಡಿ

ಔಷಧದ ಅಂಗಡಿಯಲ್ಲಿ ಕೂರುವವನು ನಾನು. ಅರ್ಧ ಮಾತ್ರೆಗೆ ಗಾಬರಿ ಬೇಡ. ಆದರೆ ನಿಮ್ಮ ಹೆರಿಗೆ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ. ಇನ್ನು ಮೇಲೆ ಅದನ್ನು ಮುಟ್ಟಬೇಡಿ. 20 ವಾರ ಆದಮೇಲೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ತಗೊಂಡರೆ ಮಗುವಿನ ಕಿಡ್ನಿಗೆ ಪೆಟ್ಟು ಬಿದ್ದು, ಸುತ್ತಲಿನ ನೀರು ಕಮ್ಮಿ ಆಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಇದಕ್ಕೇ ಎಚ್ಚರಿಕೆ ಕೊಟ್ಟಿತು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಹತ್ತಿರದ ಒಂದು ರಕ್ತನಾಳ ಬೇಗ ಮುಚ್ಚಿಕೊಳ್ಳುವ ಅಪಾಯವೂ ಇದೆ.

ಬಸಿರಲ್ಲಿ ನೋವಿಗೆ ಮೊದಲು ಕೊಡುವುದು ಪ್ಯಾರಾಸಿಟಮಾಲ್. ಅದನ್ನೂ ಡಾಕ್ಟರ್ ಹೇಳಿದ ಲೆಕ್ಕದಲ್ಲೇ. ಅಂಗಡಿಗೆ ಬಂದು "ಹಲ್ಲು ನೋವಿಗೆ ಏನಾದ್ರೂ ಕೊಡಿ" ಅಂತ ಕೇಳುವವರಿಗೆ ಒಂದು ಕಿವಿಮಾತು: ಎರಡು ಔಷಧ ಸೇರಿಸಿದ ಮಾತ್ರೆಗಳು ಬಹಳ ಇವೆ. ಮೇಲೆ ದೊಡ್ಡದಾಗಿ ಪ್ಯಾರಾಸಿಟಮಾಲ್, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಡೈಕ್ಲೋಫೆನಾಕ್. ಬಸುರಿ ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಮೂರನೇ ತಿಂಗಳಲ್ಲಿ ನೋಡಿದರೆ ನಮಗೆ ಗೊತ್ತಾಗುವುದಿಲ್ಲ.

ಲವಂಗದ ಎಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಸುಳ್ಳಲ್ಲ. ಆದರೆ ಜಾಸ್ತಿ ಇಟ್ಟರೆ ವಸಡು ಸುಡುತ್ತದೆ. ಆಸ್ಪಿರಿನ್ ಪುಡಿ ಮಾಡಿ ಹಲ್ಲಿನ ಪಕ್ಕ ಇಡುವವರೂ ಇದ್ದಾರೆ, ಅವರ ಕೆನ್ನೆಯ ಒಳಗೆ ಬೆಳ್ಳಗೆ ಸುಟ್ಟ ಗಾಯ ನಾನೇ ನೋಡಿದ್ದೇನೆ.

ಹಳೇಬೇರು

ನಾನು ಹತ್ತಿಯಲ್ಲಿ ಅದ್ದಿ ಅಂದೆ. ಬಾಟಲಿ ಸುರಿದುಕೋ ಅನ್ನಲಿಲ್ಲ.

ನಿದ್ದೆಗೆಟ್ಟವಳು

ಆಂಟಿಬಯೋಟಿಕ್ ತಗೊಂಡರೆ ಡೆಲಿವರಿವರೆಗೆ ತಳ್ಳಬಹುದಾ? ನಮ್ಮ ಅತ್ತೆಯ ಐಡಿಯಾ.

ಹಲ್ಲುಕುರ್ಚಿ

(ಮೇಡಂ. ಸರಿಯಾಗೇ ಕರೆದಿರಿ.)

ಇಲ್ಲ. ಮಾತ್ರೆ ರಕ್ತದ ಜೊತೆ ಹೋಗುತ್ತದೆ. ಸಾಯುತ್ತಿರುವ ನರದೊಳಗೆ ರಕ್ತವೇ ಸರಿಯಾಗಿ ಹರಿಯುವುದಿಲ್ಲ, ಮಾತ್ರೆ ಅಲ್ಲಿಗೆ ಹೋಗುವುದು ಹೇಗೆ? ಬಾವು, ಜ್ವರ, ಕೀವು ಹರಡುವ ಲಕ್ಷಣ ಇದ್ದರೆ ಆಂಟಿಬಯೋಟಿಕ್ ಬೇಕು, ಆಗಲೂ ಹಲ್ಲಿನ ಕೆಲಸದ ಜೊತೆಗೆ, ಅದರ ಬದಲಿಗಲ್ಲ. ಅಲರ್ಜಿ ಇಲ್ಲದವರಿಗೆ ಅಮಾಕ್ಸಿಸಿಲಿನ್ ಬಸಿರಲ್ಲಿ ಬಹಳ ಕಾಲದಿಂದ ಕೊಡುತ್ತಿದ್ದೇವೆ. ಟೆಟ್ರಾಸೈಕ್ಲಿನ್ ಜಾತಿಯದ್ದು ಮಾತ್ರ ಬೇಡ. ಮಗುವಿನ ಹಾಲುಹಲ್ಲು ಹೊಟ್ಟೆಯೊಳಗೇ, ಸುಮಾರು 14ನೇ ವಾರದಿಂದ ಗಟ್ಟಿಯಾಗಲು ಶುರುವಾಗುತ್ತದೆ. ಆ ಔಷಧ ಅಲ್ಲಿ ಕೂತು ಹಲ್ಲಿಗೆ ಹಳದಿ, ಕಂದು ಬಣ್ಣ ಹಿಡಿಸುತ್ತದೆ.

ಕೆನ್ನೆ ಊದಿಕೊಂಡರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಚೀಟಿ ಗೀಟಿ ಅಂತ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಕೆಳದವಡೆಯ ಕೀವು ಕುತ್ತಿಗೆಗೆ ಇಳಿದರೆ ಉಸಿರಿಗೇ ಅಡ್ಡ ಬರುತ್ತದೆ.

ಹುಲ್ಲುಗರಿ

ಇಂಜೆಕ್ಷನ್ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. 2015ರ ಒಂದು ಅಧ್ಯಯನ ನಾನೂ ಓದಿದ್ದೇನೆ. ಹಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ತಗೊಂಡ ಬಸುರಿಯರ ಮಕ್ಕಳಲ್ಲಿ ದೊಡ್ಡ ಹುಟ್ಟುದೋಷ ನೂರಕ್ಕೆ 4.8, ತಗೊಳ್ಳದವರಲ್ಲಿ 3.3. ಜಾಸ್ತಿ ಅಲ್ವಾ? ಇದನ್ನು ಯಾಕೆ ಹೇಳುವುದಿಲ್ಲ?

ಲೆಕ್ಕದವನು

ಅದೇ ಅಧ್ಯಯನದಲ್ಲಿ ಇಂಜೆಕ್ಷನ್ ತಗೊಂಡವರು ಎಷ್ಟು ಜನ ಅಂತಲೂ ಹೇಳಿ: 210. ಹೋಲಿಸಿದ್ದು 794 ಜನರ ಜೊತೆ. 210ರಲ್ಲಿ 4.8 ಅಂದರೆ ಹತ್ತು ಮಕ್ಕಳು. 3.3ರ ಲೆಕ್ಕದಲ್ಲಿ ಏಳು ಇರಬೇಕಿತ್ತು. ಅಂತರ ಮೂರು ಮಕ್ಕಳು. ಇಷ್ಟು ಚಿಕ್ಕ ಗುಂಪಿನಲ್ಲಿ ಮೂರರ ಏರುಪೇರು ಬರೀ ಅದೃಷ್ಟದಿಂದಲೂ ಆಗುತ್ತದೆ. ನಾಣ್ಯ ಹತ್ತು ಸಲ ಚಿಮ್ಮಿ ಆರು ಸಲ ತಲೆ ಬಿದ್ದರೆ ನಾಣ್ಯ ಖೋಟಾ ಅನ್ನುತ್ತೀರಾ? ಅಧ್ಯಯನ ಮಾಡಿದವರೇ ಇದು ಗಣನೆಗೆ ಬರುವ ವ್ಯತ್ಯಾಸ ಅಲ್ಲ ಅಂತ ತೀರ್ಮಾನಿಸಿದರು. ಆ ಸಾಲಿನವರೆಗೆ ಓದಲಿಲ್ಲವಾ?

ಹುಲ್ಲುಗರಿ

ಓದಿದೆ. ನಂಬಿಕೆ ಬರಲಿಲ್ಲ, ಅಷ್ಟೇ.

ಹಲ್ಲುಕುರ್ಚಿ

ಮರಗಟ್ಟಿಸಲು ನಾವು ಸಾಮಾನ್ಯವಾಗಿ ಬಳಸುವುದು ಲಿಗ್ನೊಕೇಯ್ನ್. ಬಸಿರಲ್ಲಿ ಹೆಚ್ಚು ಅನುಭವ ಇರುವುದು ಇದಕ್ಕೇ. ಜೊತೆಗೆ ತೀರಾ ಸ್ವಲ್ಪ ಅಡ್ರಿನಲಿನ್ (ರಕ್ತನಾಳ ಕುಗ್ಗಿಸುವ ಹಾರ್ಮೋನ್) ಇರುತ್ತದೆ. ಅದರಿಂದ ಔಷಧ ಹಾಕಿದ ಜಾಗದಲ್ಲೇ ನಿಲ್ಲುತ್ತದೆ, ರಕ್ತಕ್ಕೆ ನಿಧಾನವಾಗಿ ಹೋಗುತ್ತದೆ. ಹುಲ್ಲುಗರಿ ಅವರಿಗೆ ಒಂದೇ ಪ್ರಶ್ನೆ. ಇಂಜೆಕ್ಷನ್ ಹಾಕದಿದ್ದರೆ ಅಡ್ರಿನಲಿನ್ ಬರುವುದಿಲ್ಲ ಅಂದುಕೊಂಡಿರಾ? ಒಂಬತ್ತು ರಾತ್ರಿ ನೋವಲ್ಲಿ ಕೂತವಳ ಮೈ ತಾನೇ ಅದನ್ನು ಸುರಿಸುತ್ತಿರುತ್ತದೆ.

ಹಳೇಬೇರು

ಡಾಕ್ಟ್ರಮ್ಮ, ನನ್ನ ಸುಣ್ಣದ ಮಾತಿಗೆ ಉತ್ತರ ಬರಲಿಲ್ಲ. ನನ್ನ ಮೂರು ಹಲ್ಲು ಯಾರು ತಿಂದರು ಹಾಗಾದರೆ?

ಹಲ್ಲುಕುರ್ಚಿ

ಮರೆತಿರಲಿಲ್ಲ ಅಮ್ಮಾ. ಮಗುವಿಗೆ ಕ್ಯಾಲ್ಸಿಯಂ ಬೇಕು, ನಿಜ. ಅದು ನೀವು ತಿಂದದ್ದರಿಂದ ಬರುತ್ತದೆ, ಸಾಲದಿದ್ದರೆ ನಿಮ್ಮ ಮೂಳೆಯಿಂದ. ಮೂಳೆ ಕೊಟ್ಟು ತಗೊಳ್ಳುವ ಖಾತೆ ಇದ್ದ ಹಾಗೆ, ದಿನಾ ಕರಗಿ ದಿನಾ ಕಟ್ಟುತ್ತದೆ. ಹಲ್ಲಿಗೆ ಆ ಬಾಗಿಲೇ ಇಲ್ಲ. ಒಮ್ಮೆ ಕಟ್ಟಿದ ಹಲ್ಲಿಂದ ಮೈ ಕ್ಯಾಲ್ಸಿಯಂ ವಾಪಸ್ ಎಳೆದುಕೊಳ್ಳಲಾರದು.

ಆದರೆ ನಿಮ್ಮ ಹಲ್ಲು ಹೋಗಿದ್ದು ಸುಳ್ಳಲ್ಲವಲ್ಲ. ವಾಂತಿ, ಪದೇ ಪದೇ ಏನಾದರೂ ಬಾಯಿಗೆ ಹಾಕಿಕೊಳ್ಳುವುದು, ರಕ್ತ ಬರುತ್ತದೆ ಅಂತ ಉಜ್ಜದಿರುವುದು, ಎಲ್ಲ ಸೇರಿ ಹುಳುಕು ಬೇಗ ಬೆಳೆಯುತ್ತದೆ. ಒಂದು ಕೇಳಲಾ? ಮೊದಲ ಹಲ್ಲು ನೋಯಲು ಶುರುವಾದಾಗ ಏನು ಮಾಡಿದಿರಿ?

ಹಳೇಬೇರು

ಏನು ಮಾಡುವುದು. ಆಗ ಆರನೇ ತಿಂಗಳು. ಹೆರಿಗೆ ಆಗಲಿ ಅಂದರು. ಹೆರಿಗೆ ಆಯಿತು. ಬಾಣಂತಿ ಹೊರಗೆ ಹೋಗಬಾರದು ಅಂದರು. ಆಮೇಲೆ ಮಗು ಮೊಲೆ ಬಿಡಲಿ ಅಂದರು. ಅಷ್ಟರಲ್ಲಿ ನೋವು ತಾನೇ ನಿಂತಿತ್ತು. ವಾಸಿ ಆಯಿತು ಅಂತ ಸುಮ್ಮನಾದೆ. ಎರಡನೇ ಬಸಿರಲ್ಲಿ ಅದೇ ಹಲ್ಲು ಊದಿಕೊಂಡಿತು. ಮುಖ ಇಷ್ಟು ದಪ್ಪ. ಕಿತ್ತರು.

ಎರಡನೇದಕ್ಕೂ ಹೀಗೇ. ಮೂರನೇದು ಕೀಳಿಸುವಾಗ ಚಿಕ್ಕವಳಿಗೆ ನಾಲ್ಕು ವರ್ಷ, ನನ್ನ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಹಲ್ಲುಕುರ್ಚಿ

ನೋವು ನಿಂತದ್ದು ವಾಸಿಯಾಗಿ ಅಲ್ಲ, ನರ ಸತ್ತು.

ಹಳೇಬೇರು

ಹೂಂ.

ವಾರ್ಡ್‌ಅಕ್ಕ

ನಿದ್ದೆಗೆಟ್ಟವರೇ, ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಹೆರಿಗೆ ಡಾಕ್ಟರ್ ಹತ್ತಿರ ಹೋಗಿ "ಹಲ್ಲು ನೋವು, ಏನು ಮಾಡಲಿ" ಅಂತ ಕೇಳಬೇಡಿ. ಅವರ ಕಿವಿಗೆ ಅದು ದಿನಕ್ಕೆ ಇಪ್ಪತ್ತು ದೂರಿನಲ್ಲಿ ಒಂದು. ಹೀಗೆ ಹೇಳಿ: "ಒಂಬತ್ತು ದಿನದಿಂದ ರಾತ್ರಿ ನಿದ್ದೆ ಇಲ್ಲ, ನೋವಿಗೆ ಐಬುಪ್ರೊಫೆನ್ ತಗೊಂಡುಬಿಟ್ಟೆ. ಅಡ್ರಿನಲಿನ್ ಇರುವ ಲಿಗ್ನೊಕೇಯ್ನ್, ಒಂದು ಹಲ್ಲಿನ ಎಕ್ಸ್‌ರೇ, ರೂಟ್ ಕೆನಾಲ್, ನನ್ನ ವಿಷಯದಲ್ಲಿ ಇದರಲ್ಲಿ ಯಾವುದಕ್ಕಾದರೂ ಅಡ್ಡಿ ಇದೆಯಾ? ಇಲ್ಲ ಅಂದರೆ ಅಷ್ಟನ್ನೇ ಬರೆದು ಕೊಡಿ." ಬಿಪಿ ಎಷ್ಟಿದೆ ಅಂತಲೂ ಅದರಲ್ಲೇ ಬರೆಸಿ. ಮಸುಕಾಗಿ ಕೇಳಿದರೆ "ಆಮೇಲೆ ನೋಡೋಣ" ಬರುತ್ತದೆ. ಹೌದು ಅಥವಾ ಇಲ್ಲ ಅನ್ನುವ ಪ್ರಶ್ನೆಗೆ ಉತ್ತರ ಬರಲೇಬೇಕು.

ಕುರ್ಚಿಯಲ್ಲಿ ಪೂರ್ತಿ ಅಂಗಾತ ಮಲಗಬೇಡಿ. ತುಂಬಿದ ಗರ್ಭ ಬೆನ್ನಿನ ಪಕ್ಕದ ದೊಡ್ಡ ರಕ್ತನಾಳದ ಮೇಲೆ ಕೂತು ಬಿಪಿ ಇಳಿಯುತ್ತದೆ, ತಲೆ ತಿರುಗುತ್ತದೆ. ಬಲಗಡೆ ಸೊಂಟದ ಕೆಳಗೆ ಒಂದು ಚಿಕ್ಕ ದಿಂಬು ಅಥವಾ ಸುತ್ತಿದ ಟವೆಲ್ ಇಟ್ಟು ಎಡಕ್ಕೆ ಸ್ವಲ್ಪ ವಾಲಿ.

ಎರಡರಮ್ಮ

ಹೋಗುವ ಮೊದಲು ಟಾಯ್ಲೆಟ್‌ಗೆ ಹೋಗಿ. ಯಾರೂ ಹೇಳಲ್ಲ ಇದನ್ನು. ಬಾಯಲ್ಲಿ ರಬ್ಬರ್ ಶೀಟ್, ಕ್ಲಿಪ್ಪು, ಪೈಪು ಎಲ್ಲ ಇಟ್ಟಮೇಲೆ "ಸ್ವಲ್ಪ ಎದ್ದು ಹೋಗಿ ಬರ್ತೀನಿ" ಅಂತ ಕೈಸನ್ನೆಯಲ್ಲಿ ಹೇಳುವುದು ಎಷ್ಟು ಕಷ್ಟ ಗೊತ್ತಾ?

ಸುಮ್ನೆಬಂದೆ

ಕೈಸನ್ನೆ ಹೇಗಿತ್ತು ಅಂತ ವಿವರಿಸಿ.

ಎರಡರಮ್ಮ

ನಿಮ್ಮ ಕೆಲಸ ನೋಡಿಕೊಳ್ಳಿ.

ಮಳೆಹನಿ

ಮಧ್ಯೆ ಒಂದು ಡೌಟ್. ನನ್ನ ಬಾಯಲ್ಲಿ ಹಳೇ ಬೆಳ್ಳಿ ಬಣ್ಣದ ಫಿಲ್ಲಿಂಗ್ ಮೂರು ಇವೆ. ಅದರಲ್ಲಿ ಪಾದರಸ ಇರುತ್ತದೆಯಂತೆ. ಮುಂದಿನ ಮಗುವಿಗೆ ಯೋಚನೆ ಮಾಡುತ್ತಿದ್ದೇವೆ. ಬಸಿರು ನಿಂತಮೇಲೆ ತೆಗೆಸಲಾ?

ಹಲ್ಲುಕುರ್ಚಿ

ಗಟ್ಟಿಯಾಗಿ ಕೂತಿದ್ದರೆ ಮುಟ್ಟಿಸಬೇಡಿ, ಬಸಿರಲ್ಲಂತೂ ಬೇಡವೇ ಬೇಡ. ಕೊರೆದು ತೆಗೆಯುವಾಗಲೇ ಪಾದರಸದ ಆವಿ ಜಾಸ್ತಿ ಬರುವುದು. ಬಸುರಿಯರಿಗೆ ಹೊಸದಾಗಿ ಅದನ್ನು ತುಂಬುವುದನ್ನು ಯುರೋಪ್ ಒಕ್ಕೂಟ 2018ರಲ್ಲೇ ನಿಲ್ಲಿಸಿತು. ಹೊಸ ಫಿಲ್ಲಿಂಗ್ ಬೇಕಾದರೆ ಹಲ್ಲಿನ ಬಣ್ಣದ್ದು ಹಾಕಿಸಿ. ಮತ್ತೆ, ಮಗುವಿಗೆ ಯೋಚನೆ ಮಾಡುತ್ತಿದ್ದರೆ ಈಗಲೇ ಒಂದು ಸಲ ಬಾಯಿ ತೋರಿಸಿ.

ನಿದ್ದೆಗೆಟ್ಟವಳು · ಆರು ದಿನದ ನಂತರ

ಬಂದೆ, ಬಂದೆ. ಎಲ್ಲ ಹೇಳುತ್ತೇನೆ.

ವಾರ್ಡ್‌ಅಕ್ಕ ಹೇಳಿದ ವಾಕ್ಯವನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ಹೋಗಿ ಹಾಗೇ ಓದಿದೆ. ಹೆರಿಗೆ ಡಾಕ್ಟರ್ ಐಬುಪ್ರೊಫೆನ್ ಅಂದ ಕೂಡಲೇ ತಲೆ ಎತ್ತಿ ನೋಡಿದರು. ಬೈದರು. ಆಮೇಲೆ ಚೀಟಿ ಬರೆದರು, ಮೂರೇ ಸಾಲು. ಇಷ್ಟಕ್ಕೆ ಎರಡು ವಾರ ಒದ್ದಾಡಿದೆನಾ ಅನ್ನಿಸಿತು.

ಹಲ್ಲಿನ ಡಾಕ್ಟರ್ ಬೇರೆಯವರ ಹತ್ತಿರ ಹೋದೆ. ಎಕ್ಸ್‌ರೇ ತೆಗೆದರು (ಏಪ್ರನ್ ಕೊಟ್ಟರು, ಹಾಕಿಕೊಂಡೆ, ಮಳೆಹನಿ ಮತ್ತು ಲೆಕ್ಕದವನು ಇಬ್ಬರೂ ಗೆದ್ದಿರಿ). ಹುಳುಕು ನರದವರೆಗೆ ಹೋಗಿತ್ತು. ಇಂಜೆಕ್ಷನ್ ಇರುವೆ ಕಚ್ಚಿದಷ್ಟು. ಹತ್ತು ನಿಮಿಷದಲ್ಲಿ ಅರ್ಧ ತುಟಿ ನನ್ನದಲ್ಲ ಅನ್ನಿಸಿತು. ಕೊರೆಯುವ ಸದ್ದು ಶುರುವಾದ ಕೂಡಲೇ ಮಗು ಎರಡು ಸಲ ಜೋರಾಗಿ ಒದೆಯಿತು. ಭಯ ಆಗಿ ಕೈ ಎತ್ತಿದೆ. ಡಾಕ್ಟರ್ ನಿಲ್ಲಿಸಿ, "ಅದಕ್ಕೂ ಈ ಸದ್ದು ಇಷ್ಟ ಇಲ್ಲ, ನನಗೂ ಇಲ್ಲ" ಅಂದರು. ನಗು ಬಂತು, ಆದರೆ ಬಾಯಿ ತುಂಬ ರಬ್ಬರ್. ಹಲ್ಲಿನ ಬಾಗಿಲು ತೆರೆದು ಒಳಗಿನದನ್ನೆಲ್ಲ ತೆಗೆದು ತಾತ್ಕಾಲಿಕ ಫಿಲ್ಲಿಂಗ್ ಹಾಕಿದರು. ಇವತ್ತು ಎರಡನೇ ಸಲ ಹೋಗಿ ಬೇರು ತುಂಬಿಸಿಕೊಂಡು ಬಂದೆ.

ಮೊದಲ ದಿನ ರಾತ್ರಿ ಎಡಗಡೆ ತಿರುಗಿ ಮಲಗಿದೆ. ಕಣ್ಣು ಬಿಟ್ಟಾಗ ಕಿಟಕಿ ಬೆಳಕಾಗಿತ್ತು. ಪಕ್ಕದ ನೀರಿನ ಬಾಟಲಿ ಮುಚ್ಚಳ ತೆಗೆಯದೆ ಹಾಗೇ ಇತ್ತು.

ಎರಡರಮ್ಮ

ಅಬ್ಬಾ! ಕಣ್ಣಲ್ಲಿ ನೀರು ಬಂತು ನನಗೆ.

ಮೊದಲ್ನೇದು

ಅಕ್ಕಾ ಖುಷಿ ಆಯಿತು. ನಾನೂ ಸೋಡಾ ನೀರು ಶುರು ಮಾಡಿದ್ದೇನೆ. ಮುಂದಿನ ವಾರ ಬಾಯಿ ತೋರಿಸಲು ಹೋಗುತ್ತಿದ್ದೇನೆ, ನೋವಿಲ್ಲದಿದ್ದರೂ.

ಹುಲ್ಲುಗರಿ

ಒಳ್ಳೆಯದಾಯಿತು. ಆದರೂ ನಾನು ಹೇಳಿದ್ದು ತಪ್ಪಲ್ಲ.

ಲೆಕ್ಕದವನು

🙏

ಹಳೇಬೇರು

ಕೂಸು ಒದೆಯುತ್ತಿದೆ ತಾನೇ? ಅಷ್ಟು ಸಾಕು. ನನ್ನ ಚಿಕ್ಕವಳೇ ಈಗ 16 ವಾರ. ವಸಡಲ್ಲಿ ರಕ್ತ ಬರುತ್ತಿದೆ ಅಂದಿದ್ದಳು, ಉಜ್ಜಬೇಡ ಬಿಡು ಅಂದಿದ್ದೆ. ನಿನ್ನೆ ಫೋನ್ ಮಾಡಿ ಹೋಗಿ ತೋರಿಸು ಅಂದೆ. "ಯಾರಮ್ಮಾ ನಿನ್ನ ತಲೆಗೆ ತುಂಬಿದ್ದು" ಅಂತ ಕೇಳಿದಳು.

ಸುಮ್ನೆಬಂದೆ

ಏನು ಹೇಳಿದಿರಿ?

ಹಳೇಬೇರು

ನನಗೆ ಮೊದಲೇ ಗೊತ್ತಿತ್ತು ಅಂದೆ.

ನಿದ್ದೆಗೆಟ್ಟವಳು

😄😄 ಇನ್ನೊಂದೇ ಕೆಲಸ ಬಾಕಿ. ಹಲ್ಲಿನ ಮೇಲೆ ಕ್ಯಾಪ್ ಹಾಕಬೇಕಂತೆ. ಈಗ ನೋವಿಲ್ಲವಲ್ಲ, ಅದನ್ನು ಡೆಲಿವರಿ ಆದ್ಮೇಲೆ ಹಾಕಿಸಿಕೊಳ್ಳೋಣ ಅಂತಿದ್ದೇನೆ.

ಹಲ್ಲುಕುರ್ಚಿ

ಬೇಡ! ನರ ತೆಗೆದು ಟೊಳ್ಳಾದ ಹಲ್ಲು. ಕ್ಯಾಪ್ ಇಲ್ಲದೆ ಅಗಿದರೆ ಎರಡು ಹೋಳಾಗಬಹುದು. ಆಮೇಲೆ ಕೀಳುವುದೊಂದೇ ದಾರಿ.

ವಾರ್ಡ್‌ಅಕ್ಕ

ಡೆಲಿವರಿ ಆದ್ಮೇಲೆ ನಿಮಗೆ ಕೂದಲು ಬಾಚಲೂ ಟೈಮ್ ಇರುವುದಿಲ್ಲ.

ಹಳೇಬೇರು

ಏ ಹುಡುಗಿ, ಮೇಲೆ ನಾನು ಬರೆದದ್ದನ್ನು ಓದಿದೆ ತಾನೇ?

ನಿದ್ದೆಗೆಟ್ಟವಳು

ಆಯ್ತು ಆಯ್ತು. ಫೋನ್ ಮಾಡಿದೆ. ಗುರುವಾರ ಹನ್ನೊಂದು ಗಂಟೆಗೆ.